ಡೇಟು ಮುಗಿದ ಪೊಟ್ಟಣವೂ ದಾಕ್ಷಿಣ್ಯವೂ

ಶನಿವಾರ ಬಂತೆಂದರೆ ಕೊಡಗಿನ ಶನಿವಾರಸಂತೆಯ ಬೀದಿಗೆ ಬೇರೆಯೇ ಕಳೆ. ಹಸಿಮೆಣಸಿನಕಾಯಿಯ ಮೂಟೆ, ಶುಂಠಿ, ಬಾಳೆಗೊನೆ, ಸೊಪ್ಪಿನ ಕಟ್ಟು. ಕೊಡ್ಲಿಪೇಟೆ ಕಡೆಯಿಂದ, ಸೋಮವಾರಪೇಟೆ ಕಡೆಯಿಂದ, ಗಡಿಯಾಚೆಯ ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದ ಜನ. ವಾರದ ಬಟವಾಡೆ ಕೈಗೆ ಬಂದ ತೋಟದ ಕೆಲಸಗಾರರು ತರಕಾರಿ ಮುಗಿಸಿ ಕೊನೆಗೆ ನುಗ್ಗುವುದು ದಿನಸಿ ಅಂಗಡಿಗೆ. ಎಣ್ಣೆ, ಸಾಂಬಾರು ಪುಡಿ, ಮಕ್ಕಳಿಗೊಂದು ಬಿಸ್ಕತ್ತು, ಬೆಳಗಿನ ಕಾಫಿಗೊಂದು ರಸ್ಕು. ಬಸ್ಸಿಗೆ ಹೊತ್ತಾಯಿತೆಂಬ ಅವಸರದಲ್ಲಿ ಚೀಲಕ್ಕೆ ಬಿದ್ದದ್ದನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಮನೆ ಸೇರುವಾಗ ಕತ್ತಲು. ಮಗು ಪೊಟ್ಟಣ ಹರಿದ ಕೂಡಲೇ ಮೂಗಿಗೆ ಕಮಟು ವಾಸನೆ ಹೊಡೆಯುತ್ತದೆ. ಬಲ್ಬಿನ ಕೆಳಗೆ ಹಿಡಿದು ನೋಡಿದರೆ, ಪ್ಲಾಸ್ಟಿಕ್ಕಿನ ಸುಕ್ಕುಗಟ್ಟಿದ ಅಂಚಿನ ಮೇಲೆ ಚುಕ್ಕಿಚುಕ್ಕಿಯಾಗಿ ಒತ್ತಿದ ದಿನಾಂಕ. ಅವಧಿ ಮುಗಿದು ಮೂರು ವಾರ ಕಳೆದಿದೆ.

ಆಮೇಲೆ ಏನಾಗುತ್ತದೆ ಎಂಬುದು ಊರೂರಿನಲ್ಲೂ ಒಂದೇ. ಅಂಗಡಿಯವನಿಗೆ ಮನೆಯೊಳಗೇ ನಾಲ್ಕು ಮಾತು ಬಯ್ದು, ಪೊಟ್ಟಣವನ್ನು ಹಿತ್ತಲಿಗೆ ಎಸೆದು, ಹತ್ತಿಪ್ಪತ್ತು ರೂಪಾಯಿ ಹೋಯಿತೆಂದು ಸುಮ್ಮನಾಗುತ್ತಾರೆ. ಕೆಲವರು ಎಸೆಯುವುದಕ್ಕೂ ಮನಸ್ಸು ಬಾರದೆ ಕಾಫಿಯಲ್ಲಿ ಅದ್ದಿ ತಿಂದುಬಿಡುತ್ತಾರೆ. ಮುಂದಿನ ಶನಿವಾರ ಅದೇ ಅಂಗಡಿಗೆ ಹೋಗುತ್ತಾರೆ, ಆ ಮಾತೆತ್ತುವುದಿಲ್ಲ. ಎತ್ತುವುದು ಹೇಗೆ? ಮಳೆಗಾಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಸಾಲದ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಟ್ಟ ಅಂಗಡಿ ಅದು. ಮನೆಯ ಮದುವೆಗೆ ಬಂದುಹೋದ ಮನುಷ್ಯ ಆತ. ಇಪ್ಪತ್ತು ರೂಪಾಯಿ ರಸ್ಕಿಗಾಗಿ ಮುಖ ಕೆಡಿಸಿಕೊಳ್ಳುವುದೇ ಎಂಬ ದಾಕ್ಷಿಣ್ಯ ಬಾಯಿ ಕಟ್ಟಿಹಾಕುತ್ತದೆ.

ಈ ದಾಕ್ಷಿಣ್ಯವೇ ಹಳೇ ಮಾಲನ್ನು ಕಪಾಟಿನಲ್ಲಿ ಉಳಿಸುತ್ತಿರುವುದು. ಒಬ್ಬರು ಸುಮ್ಮನಾದರೆ ಅದೇ ಪೆಟ್ಟಿಗೆಯ ಉಳಿದ ಪೊಟ್ಟಣಗಳು ಒಂದೊಂದಾಗಿ ಬೇರೆ ಬೇರೆ ಮನೆಗೆ ಹೋಗುತ್ತವೆ. ಅದರಲ್ಲಿ ಒಂದು ಮನೆಯಲ್ಲಿ ಹಸುಗೂಸಿರಬಹುದು, ಇನ್ನೊಂದರಲ್ಲಿ ಜ್ವರ ಬಿಟ್ಟು ಈಗಷ್ಟೇ ಎದ್ದ ಮುದುಕಿ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 27ನೇ ಕಲಂ ತಯಾರಕ, ವಿತರಕ, ಅಂಗಡಿಯವ ಎಂದು ಒಬ್ಬೊಬ್ಬರ ಹೊಣೆಯನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಅವಧಿ ಮುಗಿದ ಮೇಲೆ ಸರಬರಾಜು ಮಾಡಿದರೆ ವಿತರಕ ಹೊಣೆ, ಅವಧಿ ಮುಗಿದ ಮೇಲೆ ಮಾರಿದರೆ ಅಂಗಡಿಯವ ಹೊಣೆ. ತಿಂದವರಿಗೆ ಏನಾದರೂ ಆಗಿರಲೇಬೇಕೆಂದೇನಿಲ್ಲ. ಮಾರಿದ್ದೇ ತಪ್ಪು. ಇಂಥ ಉಲ್ಲಂಘನೆಗೆ ಬೇರೆ ಕಲಂನಲ್ಲಿ ದಂಡ ಹೇಳಿಲ್ಲದಿದ್ದರೆ 58ನೇ ಕಲಂ ಪ್ರಕಾರ 2 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಪದಾರ್ಥ ತಿನ್ನಲು ಅಪಾಯಕಾರಿ ಎಂದು ಸಾಬೀತಾದರೆ ಜೈಲಿನ ಮಾತು ಬರುತ್ತದೆ. ಸಾವು ಸಂಭವಿಸಿದರೆ 7 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ, 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ.

ಆದರೆ ಆ ದಿನಾಂಕವನ್ನು ಓದುವುದೇ ಒಂದು ಸಾಹಸ. ಪೊಟ್ಟಣದ ಹಿಂಬದಿಯಲ್ಲಿ ‘ಸೀಲ್ ಮೇಲೆ ನೋಡಿ’ ಎಂಬರ್ಥದ ಇಂಗ್ಲಿಷ್ ಸಾಲು. ಸೀಲಿನ ಮೇಲೆ ‘ಪಿ.ಕೆ.ಡಿ’ ಎಂದೋ ‘ಎಂ.ಎಫ್.ಜಿ’ ಎಂದೋ ಒಂದು ದಿನಾಂಕ, ಪಕ್ಕದಲ್ಲಿ ಬ್ಯಾಚ್ ನಂಬರು, ಅದಕ್ಕೆ ಅಂಟಿಕೊಂಡಂತೆ ಬೆಲೆ. ಮೊದಲ ದಿನಾಂಕ ತಯಾರಾದದ್ದೋ ಕಟ್ಟಿದ್ದೋ. ನೋಡಬೇಕಾದದ್ದು ಇನ್ನೊಂದನ್ನು. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದಿದ್ದರೆ ಆ ದಿನ ದಾಟಿದ ಮೇಲೆ ಮಾರುವಂತಿಲ್ಲ, ತಿನ್ನಲೂಬಾರದು. ‘ಬೆಸ್ಟ್ ಬಿಫೋರ್’ ಎಂದಿದ್ದರೆ ಅರ್ಥ ಸ್ವಲ್ಪ ಬೇರೆ. ಆ ದಿನದವರೆಗೆ ರುಚಿ, ಗರಿಗರಿತನ, ಪರಿಮಳ ಪೂರ್ತಿ ಇರುತ್ತದೆ ಎಂದು ತಯಾರಕ ಕೊಡುವ ಮಾತು ಅದು. ದಾಟಿದ ಮರುದಿನವೇ ವಿಷವಾಗುತ್ತದೆ ಎಂದಲ್ಲ. 2020ರ ಲೇಬಲ್ ನಿಯಮಾವಳಿ ಈ ಗೊಂದಲ ಕಡಿಮೆ ಮಾಡಲೆಂದೇ ತಯಾರಿಕೆಯ ದಿನಾಂಕದ ಜೊತೆಗೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಕಡ್ಡಾಯ ಮಾಡಿತು. ‘ಬೆಸ್ಟ್ ಬಿಫೋರ್’ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದು. ಮೂರು ತಿಂಗಳಿಗಿಂತ ಹೆಚ್ಚು ಬಾಳುವ ಪದಾರ್ಥಕ್ಕೆ ತಿಂಗಳು, ವರ್ಷ ಹಾಕಿದರೂ ಸಾಕು.

ಇಲ್ಲಿ ಕನ್ನಡದ ಗ್ರಾಹಕನಿಗೆ ನಿಜವಾದ ಅನ್ಯಾಯವೊಂದಿದೆ. ಈ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕೆಂದು ಕೇಂದ್ರದ ನಿಯಮ ಹೇಳುತ್ತದೆ. ಬೇರೆ ಭಾಷೆ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಅಕ್ಷರ ಬಲ್ಲ, ಪತ್ರಿಕೆ ಓದುವ, ಆದರೆ ಕನ್ನಡವನ್ನು ಮಾತ್ರ ಓದುವ ಹೆಣ್ಣುಮಗಳು ತನ್ನ ಮಗುವಿನ ಹಾಲಿನ ಪುಡಿ ಯಾವಾಗ ಕೆಡುತ್ತದೆಂದು ತಾನೇ ತಿಳಿಯಲಾರಳು. ಕರ್ನಾಟಕದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಅದು ಆ ಸಣ್ಣ ಚುಕ್ಕಿ ಅಕ್ಷರಗಳ ತನಕ ತಲುಪಬೇಕು. ಅಲ್ಲಿಯವರೆಗೆ ‘ಇದರ ಡೇಟು ಯಾವತ್ತಿನವರೆಗೆ ಇದೆ ಅಣ್ಣಾ?’ ಎಂದು ಅಂಗಡಿಯಲ್ಲೇ ಕೇಳುವುದು ಎಲ್ಲಕ್ಕಿಂತ ಸುಲಭದ ದಾರಿ. ಕೇಳಿದ ಕೂಡಲೇ ಅಂಗಡಿಯವನೂ ಒಮ್ಮೆ ತಿರುಗಿಸಿ ನೋಡುತ್ತಾನೆ.

ಕೊಡಗಿನಲ್ಲಿ ಇನ್ನೊಂದು ಮಾತನ್ನೂ ನೆನಪಿಡಬೇಕು. ಪೊಟ್ಟಣದ ದಿನಾಂಕ ಒಂದು ಷರತ್ತಿನ ಮೇಲೆ ನಿಂತಿದೆ. ‘ತಂಪಾದ, ಒಣಗಿದ ಜಾಗದಲ್ಲಿಡಿ’ ಎಂಬ ಷರತ್ತು ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ಒಣ ಜಾಗ ಎಲ್ಲಿದೆ? ಗೋಡೆ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ನೆಲದ ಮೇಲೆ, ಗೋಡೆಗೆ ತಾಗಿಸಿಟ್ಟ ಮಾಲು ಹೇಳಿದ ದಿನಕ್ಕಿಂತ ಮುಂಚೆಯೇ ಕೆಡುತ್ತದೆ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದಾಗ ಫ್ರಿಜ್ಜಿನಲ್ಲಿಟ್ಟ ಪನ್ನೀರು, ಐಸ್‌ಕ್ರೀಮು, ಮೊಸರಿನ ಮೇಲಿನ ದಿನಾಂಕಕ್ಕೆ ಬೆಲೆಯೇ ಉಳಿಯುವುದಿಲ್ಲ. ಡೇಟು ಇನ್ನೂ ಇದೆ, ಆದರೆ ಪದಾರ್ಥ ಕೆಟ್ಟಿದೆ ಎಂದಾದರೂ ಗ್ರಾಹಕನ ಹಕ್ಕು ಅಷ್ಟೇ ಗಟ್ಟಿ. ಕೆಟ್ಟದ್ದನ್ನು ಮಾರಲು ಮುಂದಿನ ತಿಂಗಳ ದಿನಾಂಕವೇನೂ ಪರವಾನಗಿಯಲ್ಲ.

ಬ್ರೆಡ್ಡಿನ ಮೂಲೆಯಲ್ಲಿ ಹಸಿರು ಬೂಷ್ಟು ಕಂಡರೆ ಅಷ್ಟನ್ನು ಚಿವುಟಿ ಉಳಿದದ್ದನ್ನು ತಿನ್ನುವ ರೂಢಿ ಹಲವು ಮನೆಗಳಲ್ಲಿದೆ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆಲ್ಲ ಹಬ್ಬಿರುತ್ತವೆ, ಚಿವುಟಿದರೆ ಹೋಗುವುದಿಲ್ಲ. ತೇವ ತಾಗಿದ ಕಡಲೆಬೀಜ, ಜೋಳದಲ್ಲಿ ಬೆಳೆಯುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ, ಹೆಚ್ಚು ದಿನ ಹೊಟ್ಟೆಗೆ ಹೋದರೆ ಯಕೃತ್ತಿಗೆ ಅಪಾಯ. ಉಬ್ಬಿದ ಡಬ್ಬಿಯನ್ನಂತೂ ತೆರೆದು ಮೂಸಿ ನೋಡುವ ಗೋಜಿಗೂ ಹೋಗಬಾರದು.

ಹಾಗಾದರೆ ಡೇಟು ಮುಗಿದ ಪೊಟ್ಟಣ ಮನೆಗೆ ಬಂದಾಗ ಮೊದಲು ಮಾಡಬೇಕಾದದ್ದೇನು? ಎಸೆಯದೇ ಇರುವುದು. ಸಿಟ್ಟಿನಲ್ಲಿ ಹಿತ್ತಲಿಗೆ ಹೋಗುವುದು ರಸ್ಕು ಮಾತ್ರವಲ್ಲ, ಸಾಕ್ಷಿಯೂ ಹೋಗುತ್ತದೆ. ಪೊಟ್ಟಣವನ್ನು ಹರಿದ ಹಾಗೆಯೇ ಉಳಿದ ಪದಾರ್ಥದ ಸಮೇತ ಒಂದು ಕವರಿನಲ್ಲಿ ಕಟ್ಟಿಡಬೇಕು. ಹಾಳಾಗುವಂಥದ್ದಾದರೆ ಫ್ರಿಜ್ಜಿನಲ್ಲಿಡಬೇಕು. ದಿನಾಂಕ, ಬ್ಯಾಚ್ ನಂಬರು, ತಯಾರಕರ ವಿಳಾಸ, ಬೆಲೆ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇವಿಷ್ಟೂ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಚುಕ್ಕಿ ಅಕ್ಷರ ಹೆಬ್ಬೆರಳಿನಿಂದ ಎರಡು ಸಲ ಉಜ್ಜಿದರೆ ಅಳಿಸಿಹೋಗುವಂಥದ್ದು, ಆದ್ದರಿಂದ ಫೋಟೊ ಮೊದಲು.

ಬಿಲ್ಲು? ಸಣ್ಣ ಊರಿನಲ್ಲಿ ಬಿಲ್ಲು ಕೇಳುವವರೂ ಕಡಿಮೆ, ಕೊಡುವವರೂ ಕಡಿಮೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಆಹಾರ ವ್ಯಾಪಾರಿಗಳ ಬಿಲ್ಲಿನ ಮೇಲೆ ಆ 14 ಅಂಕಿಯ ಸಂಖ್ಯೆ ಇರಬೇಕೆಂಬುದು 2022ರ ಜನವರಿಯಿಂದ ಕಡ್ಡಾಯ. ಬಿಲ್ಲು ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ದುಡ್ಡು ಕೊಟ್ಟಿದ್ದರೆ ಅಂಗಡಿಯ ಹೆಸರು, ದಿನ, ಹೊತ್ತು, ಮೊತ್ತ ಎಲ್ಲವೂ ಮೊಬೈಲಿನಲ್ಲೇ ಇದೆ. ಸಾಲದ ಪುಸ್ತಕದಲ್ಲಿ ಬರೆಸಿದ್ದರೆ ಆ ಪುಟವೂ ಒಂದು ದಾಖಲೆಯೇ.

ಎರಡನೆಯ ಹೆಜ್ಜೆ ಅಂಗಡಿಗೆ ಹೋಗುವುದು. ವಾಟ್ಸಾಪ್ ಗುಂಪಿಗೆ ವಿಡಿಯೊ ಹಾಕುವುದಲ್ಲ. ಎದುರಿಗೆ ಹೇಳಲು ದಾಕ್ಷಿಣ್ಯಪಡುವವರೇ ಕೆಲವೊಮ್ಮೆ ಮರೆಯಲ್ಲಿ ಊರಿಗೆಲ್ಲ ಹಂಚಿಬಿಡುತ್ತಾರೆ. ಅದರಿಂದ ಅಂಗಡಿಯ ಹೆಸರು ಕೆಡುತ್ತದೆಯೇ ಹೊರತು ಕಪಾಟು ಸ್ವಚ್ಛವಾಗುವುದಿಲ್ಲ. ಪೊಟ್ಟಣವನ್ನು ಕೌಂಟರಿನ ಮೇಲಿಟ್ಟು, ‘ಅಣ್ಣಾ, ಹೋದ ಶನಿವಾರ ನಿಮ್ಮಲ್ಲೇ ತಗೊಂಡದ್ದು. ಡೇಟು ಮುಗ್ದು ಮೂರು ವಾರ ಆಗಿತ್ತು ನೋಡಿ’ ಎಂದರೆ ಮುಗಿಯಿತು. ಹತ್ತರಲ್ಲಿ ಎಂಟು ಕಡೆ ಸಿಗುವ ಉತ್ತರವೂ ಗೊತ್ತಿರುವಂಥದ್ದೇ: ‘ಅಯ್ಯೋ, ನೋಡ್ಲಿಲ್ಲ ಅಕ್ಕಾ. ಕೊಡಿ ಇಲ್ಲಿ, ಬೇರೆ ಕೊಡ್ತೀನಿ.’

ಬೇರೆ ಕೊಟ್ಟದ್ದರ ಡೇಟನ್ನೂ ಅಲ್ಲೇ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ವಾಪಸು ಕೊಟ್ಟ ಪೊಟ್ಟಣ ಎಲ್ಲಿಗೆ ಹೋಯಿತೆಂದು ನೋಡಬೇಕು. ಒಡೆಯದ ಪೊಟ್ಟಣವಾಗಿದ್ದರೆ ಅದು ಮತ್ತೆ ಅದೇ ಸಾಲಿನಲ್ಲಿ ಹೋಗಿ ಕೂರುವುದುಂಟು. ತನ್ನ ಪಾಲಿನ ಹೊಸ ಪೊಟ್ಟಣ ಚೀಲಕ್ಕೆ ಬಿದ್ದರೆ ಕೆಲಸ ಮುಗಿಯಿತೆಂದು ಹೊರಡುವ ಗ್ರಾಹಕ, ಹಳೆಯದನ್ನು ಮುಂದಿನ ಗ್ರಾಹಕನಿಗೆ ದಾಟಿಸಿ ಹೊರಟಂತಾಗುತ್ತದೆ. ಅದೇ ಬ್ಯಾಚಿನ ಉಳಿದ ಪೊಟ್ಟಣಗಳನ್ನೂ ತೆಗೆಯಿರಿ ಎಂದು ಹೇಳುವುದಕ್ಕೆ ಎರಡು ನಿಮಿಷ ಸಾಕು. ಸಾಕ್ಷಿಗಾಗಿ ಪೊಟ್ಟಣವನ್ನು ತಾನೇ ಇಟ್ಟುಕೊಳ್ಳಬೇಕೆನಿಸಿದರೆ ಅದನ್ನು ಕೊಡಬೇಕಾಗಿಲ್ಲ, ತೋರಿಸಿದರೆ ಸಾಕು.

‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಬೋರ್ಡು ತೋರಿಸುವವರೂ ಇದ್ದಾರೆ. ದೋಷವಿರುವ ಸರಕಿನ ಮುಂದೆ ಆ ಬೋರ್ಡು ನಿಲ್ಲುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ದೋಷದ ಸರಕನ್ನು ಹಿಂಪಡೆದು ಹಣ ಕೊಡಲು ನಿರಾಕರಿಸುವುದನ್ನೂ 2019ರ ಕಾಯ್ದೆ ಅನುಚಿತ ವ್ಯಾಪಾರದ ಪಟ್ಟಿಗೆ ಸೇರಿಸಿದೆ.

ಅಂಗಡಿಯವನ ಕಡೆಯಿಂದಲೂ ಒಮ್ಮೆ ನೋಡಬೇಕು. ಹಳ್ಳಿ ಅಂಗಡಿಗೆ ಮಾಲು ಬರುವುದು ಲೈನ್ ವ್ಯಾನಿನಲ್ಲಿ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಸ್ಕೀಮಿನ ಆಸೆಗೆ ಒಂದು ಪೆಟ್ಟಿಗೆ ಹೆಚ್ಚು ಇಳಿಸಿಕೊಂಡರೆ ಅದು ಮಳೆಗಾಲವಿಡೀ ಉಳಿದುಹೋಗುತ್ತದೆ. ಕೆಲವು ಕಂಪನಿಗಳು ಡೇಟು ಮುಗಿದದ್ದನ್ನು ಹಿಂಪಡೆದು ಲೆಕ್ಕ ಸರಿಮಾಡುತ್ತವೆ, ಕೆಲವು ‘ರಿಟರ್ನ್ ಇಲ್ಲ’ ಎನ್ನುತ್ತವೆ. ನಷ್ಟ ಅಂಗಡಿಯವನ ತಲೆಗೆ. ಹೊಸ ಮಾಲನ್ನು ಮುಂದಿಟ್ಟು ಹಳೆಯದನ್ನು ಹಿಂದೆ ತಳ್ಳುವ ಅಭ್ಯಾಸದಿಂದಲೂ ಎಷ್ಟೋ ಪೊಟ್ಟಣಗಳು ಮರೆತೇ ಹೋಗುತ್ತವೆ. ಇದೆಲ್ಲ ನಿಜ. ಆದರೆ ಆ ನಷ್ಟವನ್ನು ತುಂಬಬೇಕಾದವಳು ಬಟವಾಡೆಯ ದುಡ್ಡು ಹಿಡಿದು ಬಂದ ಕೂಲಿ ಹೆಂಗಸಲ್ಲ. ಅಂಗಡಿಯವನು ವಿತರಕರಿಂದ ಬಿಲ್ಲು ಪಡೆದು ಇಟ್ಟುಕೊಂಡರೆ, ಇಳಿಸುವಾಗಲೇ ಡೇಟು ನೋಡಿ ತೀರಾ ಹತ್ತಿರದ್ದನ್ನು ಬೇಡವೆಂದರೆ, ಹೊಣೆಯನ್ನು ಅದು ಬಂದ ದಾರಿಗೇ ತಿರುಗಿಸಬಹುದು. ಅವಧಿ ಮೀರಿದ ಮತ್ತು ತಿರಸ್ಕೃತ ಆಹಾರದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಸಲ್ಲಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ತಯಾರಕರಿಗೂ ಆಮದುದಾರರಿಗೂ ಹೇಳಿದ್ದು ಈ ಕಾರಣಕ್ಕೆ: ಹಾಗೆ ಹಿಂದಿರುಗಿದ ಮಾಲು ಹೊಸ ಲೇಬಲ್ ಹಚ್ಚಿಕೊಂಡು ಮತ್ತೆ ಮಾರುಕಟ್ಟೆಗೆ ಬರಬಾರದು.

ಬರುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಈಚಿನ ವರ್ಷಗಳಲ್ಲಿ ಅಲ್ಲಿನ ಗ್ರಾಹಕರೊಬ್ಬರು ದೊಡ್ಡ ಮಳಿಗೆಯೊಂದರಿಂದ ಓಟ್ಸ್ ಕೊಂಡು ತಿಂದು ಅಸ್ವಸ್ಥರಾದರು. ಪೊಟ್ಟಣವನ್ನು ಪರೀಕ್ಷಿಸಿದರೆ ಮೂಲ ದಿನಾಂಕದ ಮೇಲೆ ಹೊಸ ದಿನಾಂಕದ ಚೀಟಿ ಅಂಟಿಸಲಾಗಿತ್ತು. ಅವರು ಪೊಟ್ಟಣವನ್ನು ಎಸೆಯಲಿಲ್ಲ, ಬಿಲ್ಲನ್ನೂ ವೈದ್ಯರ ಚೀಟಿಯನ್ನೂ ಜೋಪಾನ ಮಾಡಿದರು, ಗ್ರಾಹಕರ ಆಯೋಗಕ್ಕೆ ಹೋದರು. ಪದಾರ್ಥದ ಬೆಲೆಯ ಜೊತೆಗೆ 10,000 ರೂಪಾಯಿ ಕೊಡುವಂತೆ ಆಯೋಗ ಮಳಿಗೆಗೆ ಆದೇಶಿಸಿತು. ಮೊತ್ತ ದೊಡ್ಡದಲ್ಲ. ಆದರೆ ಅಂಟಿಸಿದ ಆ ಚೀಟಿಯನ್ನು ಉಗುರಿನಿಂದ ಕೆರೆದು ನೋಡುವ ಕೆಲಸವನ್ನು ಯಾರಾದರೊಬ್ಬರು ಮಾಡಲೇಬೇಕಿತ್ತು.

ಅಂಗಡಿಯವನು ಒಪ್ಪದಿದ್ದರೆ, ಅಥವಾ ಒಪ್ಪಿಯೂ ಮತ್ತೆ ಮತ್ತೆ ಅದನ್ನೇ ಮಾಡಿದರೆ, ಮುಂದಿನ ಬಾಗಿಲು ಆಹಾರ ಸುರಕ್ಷತಾಧಿಕಾರಿಯದು. ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಜಿಲ್ಲೆಗೊಬ್ಬ ಅಂಕಿತ ಅಧಿಕಾರಿ, ಅವರ ಕೆಳಗೆ ಆಹಾರ ಸುರಕ್ಷತಾಧಿಕಾರಿಗಳು. ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದರಾಯಿತು: ಎಲ್ಲಿ, ಯಾವತ್ತು, ಏನು ಕೊಂಡದ್ದು, ಪೊಟ್ಟಣದ ಮೇಲೇನಿದೆ, ಕೇಳಿದಾಗ ಅಂಗಡಿಯವರು ಏನೆಂದರು. ಫೋಟೊ ಲಗತ್ತಿಸಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು. ಅಲ್ಲಿಗೆ ಹೋಗಲಾಗದವರು ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ, ಇಲ್ಲವೇ 1800112100 ಎಂಬ ಉಚಿತ ಸಂಖ್ಯೆಯಲ್ಲಿ ದೂರಬಹುದು. ಅಧಿಕಾರಿಗೆ ಅಂಗಡಿ ತಪಾಸಣೆ ಮಾಡುವ, ಮಾದರಿ ಎತ್ತುವ, ಮಾಲು ವಶಪಡಿಸಿಕೊಳ್ಳುವ ಅಧಿಕಾರವಿದೆ. ದಂಡದ ಪ್ರಕರಣಗಳ ತೀರ್ಮಾನ ಅಪರ ಜಿಲ್ಲಾಧಿಕಾರಿಯ ಮುಂದೆ.

ಡೇಟು ಮುಗಿದದ್ದಕ್ಕೆ ಪ್ರಯೋಗಾಲಯದ ವರದಿ ಬೇಕಿಲ್ಲ, ದಿನಾಂಕವೇ ಮಾತಾಡುತ್ತದೆ. ಕಲಬೆರಕೆಯ ಅನುಮಾನವಿದ್ದರೆ ಮಾತ್ರ ಪರೀಕ್ಷೆ. ಕಾಯ್ದೆಯ 40ನೇ ಕಲಂ ಸಾಮಾನ್ಯ ಗ್ರಾಹಕನಿಗೂ ಆ ಹಕ್ಕು ಕೊಟ್ಟಿದೆ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ದೋಷ ಸಾಬೀತಾದರೆ ಶುಲ್ಕ ವಾಪಸು. ಆದರೆ ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಿರಬೇಕು ಎಂಬ ಷರತ್ತು ಹಲವರಿಗೆ ತಿಳಿದಿಲ್ಲ.

ತಿಂದವರಿಗೆ ವಾಂತಿಭೇದಿ ಶುರುವಾದರೆ ಈ ಕ್ರಮವೆಲ್ಲ ಹಿಂದುಮುಂದಾಗುತ್ತದೆ. ಮೊದಲು ಓಆರ್‌ಎಸ್, ಆಸ್ಪತ್ರೆ. ಮಗು, ಬಸುರಿ, ವಯಸ್ಸಾದವರಾದರೆ ಒಂದು ರಾತ್ರಿ ಕಾದು ನೋಡುವುದೂ ಬೇಡ. ಏನು ತಿಂದದ್ದು, ಎಷ್ಟು ಹೊತ್ತಿಗೆ ತಿಂದದ್ದು ಎಂದು ವೈದ್ಯರಿಗೆ ಹೇಳಿ ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಮುಂದೆ ಪರಿಹಾರ ಕೇಳಲು ಆ ಒಂದು ಸಾಲೇ ಆಧಾರ. ಅಪಾಯಕಾರಿ ಆಹಾರದಿಂದ ತೊಂದರೆಯಾದವರಿಗೆ 65ನೇ ಕಲಂ ಪರಿಹಾರ ಗೊತ್ತುಮಾಡಿದೆ. ಸಾವಿಗೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದವಕ್ಕೆ 1 ಲಕ್ಷದವರೆಗೆ.

ಇನ್ನು ಹಣ ಮತ್ತು ಪರಿಹಾರ ಬೇಕೆಂದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಶನಿವಾರಸಂತೆಯಿಂದ ಸೋಮವಾರಪೇಟೆ ದಾಟಿ ಅಷ್ಟು ದೂರ ಹೋಗುವುದೆಂದರೆ ಒಂದು ದಿನದ ಕೂಲಿ ಖೋತಾ. ಅದಕ್ಕೇ ಮೊದಲು 1915ಕ್ಕೆ ಫೋನು ಮಾಡುವುದು ಲೇಸು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯದು, ಕನ್ನಡದಲ್ಲೂ ಮಾತಾಡುತ್ತಾರೆ. ಪೊಟ್ಟಣದ ಮೇಲೆ ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಯೂ ಇರುತ್ತದೆ. ವ್ಯಾಜ್ಯವನ್ನೇ ಹೂಡುವುದಾದರೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ಹೂಡಬಹುದು, ವಕೀಲರು ಬೇಕೇ ಬೇಕೆಂದಿಲ್ಲ, 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. 2025ರಲ್ಲಿ ಆರಂಭವಾದ ‘ಇ-ಜಾಗೃತಿ’ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲೂ ಅವಕಾಶವಿದೆ. ಎರಡು ವರ್ಷದೊಳಗೆ ದೂರಿರಬೇಕು ಅಷ್ಟೆ.

ಪೊಟ್ಟಣವೇ ಇಲ್ಲದ ತಿಂಡಿಯ ಕಥೆ ಬೇರೆ. ಸಂತೆಯಲ್ಲಿ ಸುರಿದು ಮಾರುವ ಖಾರ, ಬೇಕರಿಯ ಗಾಜಿನ ಹಿಂದಿನ ಮೈಸೂರು ಪಾಕು, ಪ್ರವಾಸಿಗರಿಗೆಂದು ಜಿಲ್ಲೆಯ ಪೇಟೆಗಳಲ್ಲಿ ಮಾರುವ ಮನೆ ಚಾಕೊಲೇಟು. ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮೇಲೆ ಯಾವತ್ತಿನವರೆಗೆ ತಿನ್ನಬಹುದೆಂಬ ದಿನಾಂಕ ಹಾಕಬೇಕೆಂದು 2020ರ ಅಕ್ಟೋಬರ್ 1ರಿಂದ ನಿಯಮವಿದೆ. ಎಷ್ಟು ಕಡೆ ಆ ಚೀಟಿ ಕಾಣುತ್ತದೆಂಬುದು ಬೇಕರಿಗೆ ಹೋಗುವ ಎಲ್ಲರಿಗೂ ಗೊತ್ತು. ಚಾಕೊಲೇಟನ್ನು ಕವರಿನಲ್ಲಿ ಕಟ್ಟಿ ಮಾರುವವರು ಅದರ ಮೇಲೆ ತಯಾರಕರ ಹೆಸರು, ದಿನಾಂಕ, ಪರವಾನಗಿ ಸಂಖ್ಯೆ ಹಾಕಲೇಬೇಕು. ಮನೆಯಲ್ಲಿ ಮಾಡಿದ್ದು ಎಂಬುದು ವಿನಾಯಿತಿಯಲ್ಲ.

ಅವಧಿ ಮುಗಿದ ಮಾಲನ್ನು ಮಾರಾಟದ ಮಾಲಿನಿಂದ ಬೇರ್ಪಡಿಸಿ, ಗುರುತು ಹಾಕಿ ಇಡಬೇಕೆಂದು ಪರವಾನಗಿ ನಿಯಮವೇ ಹೇಳುತ್ತದೆ. ಅದಕ್ಕೆ ದೊಡ್ಡ ವ್ಯವಸ್ಥೆ ಬೇಕಿಲ್ಲ, ಕೌಂಟರಿನ ಕೆಳಗೊಂದು ಖಾಲಿ ರಟ್ಟಿನ ಪೆಟ್ಟಿಗೆ ಸಾಕು. ಶುಕ್ರವಾರ ಸಂಜೆ, ಸಂತೆಗೆ ಅಂಗಡಿ ಅಣಿಮಾಡುವಾಗ, ಕಪಾಟಿನ ಒಂದೊಂದು ಸಾಲನ್ನೂ ತಿರುಗಿಸಿ ನೋಡಿ ಮುಗಿದದ್ದರ ಮೇಲೆ ಮಾರ್ಕರಿನಿಂದ ಅಡ್ಡಗೆರೆ ಎಳೆದು ಆ ಪೆಟ್ಟಿಗೆಗೆ ಹಾಕಬೇಕು. ಲೈನ್ ವ್ಯಾನಿನವನು ಬಂದಾಗ ಹೊಸ ಮಾಲು ಇಳಿಸಿಕೊಳ್ಳುವ ಮೊದಲು ಆ ಪೆಟ್ಟಿಗೆಯನ್ನು ಅವನ ಮುಂದಿಟ್ಟು, ಮೊದಲು ಇದರ ಲೆಕ್ಕ ಎನ್ನಬೇಕು. ಗ್ರಾಹಕರು ವಾಪಸು ತಂದ ಪೊಟ್ಟಣ ಹೋಗಬೇಕಾದದ್ದೂ ಅಲ್ಲಿಗೇ.